ಕಂಟೋನ್ಮೆಂಟ್ ಬಂಗಲೆಯ ಹಳೇ ಲಾನ್ ಮೋವರ್: ಗುರುತು ಹಿಡಿದದ್ದು, ಬೆಲೆ ಕಟ್ಟಿದ್ದು

ಬೆಂಗಳೂರು ಕಂಟೋನ್ಮೆಂಟ್ ಭಾಗದ ಹಳೆಯ ಬಂಗಲೆಯೊಂದನ್ನು ಬಿಲ್ಡರ್‌ಗೆ ಜಂಟಿ ಅಭಿವೃದ್ಧಿಗೆ ಕೊಟ್ಟಾಗಿತ್ತು. ಖಾಲಿ ಮಾಡಲು ಒಂದು ತಿಂಗಳ ಗಡುವು. ಹಿತ್ತಲಲ್ಲಿದ್ದ ಹೆಂಚಿನ ಕಟ್ಟಡ ಮೊದಲು ಕುದುರೆ ಲಾಯವಾಗಿತ್ತು, ಆಮೇಲೆ ಕಾರ್ ಶೆಡ್ ಆಯಿತು, ಕೊನೆಗೆ ಮನೆಗೆ ಬೇಡವಾದದ್ದೆಲ್ಲ ಸೇರುವ ಜಾಗವಾಯಿತು. ಮುರಿದ ಬೆತ್ತದ ಕುರ್ಚಿ, ಸೀಮೆಎಣ್ಣೆ ಡಬ್ಬ, ಹಳೆ ಟೈರುಗಳ ಹಿಂದೆ ಕೈಯಲ್ಲಿ ತಳ್ಳುವ ಲಾನ್ ಮೋವರ್ ಒಂದು ಸಿಕ್ಕಿತು. ಹ್ಯಾಂಡಲ್ ನೆಟ್ಟಗಿತ್ತು. ಬ್ಲೇಡುಗಳನ್ನು ಹೊತ್ತು ತಿರುಗುವ ಸಿಲಿಂಡರ್ ಕಚ್ಚಿಕೊಂಡು ಅಲುಗುತ್ತಿರಲಿಲ್ಲ. ಕತ್ತರಿಸಿದ ಹುಲ್ಲು ಬೀಳುವ ಪೆಟ್ಟಿಗೆ ನಾಪತ್ತೆ.

ಯಂತ್ರದ ಬಗ್ಗೆ ಮನೆಯವರಿಗೆ ಗೊತ್ತಿದ್ದದ್ದು ಇಷ್ಟು: 1947ರಲ್ಲಿ ಊರು ಬಿಟ್ಟು ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರಿಂದ ಅಜ್ಜ ಅದನ್ನು ಕೊಂಡಿದ್ದರಂತೆ. ಬಲಗಡೆಯ ಬೀಡಿನ (ಎರಕದ ಕಬ್ಬಿಣದ) ಚೌಕಟ್ಟಿನ ಮೇಲೆ 1889 ಎಂಬ ಉಬ್ಬು ಅಂಕಿ ಇದೆ. ಇಂಟರ್‌ನೆಟ್‌ನಲ್ಲಿ ನೋಡಲು ಇಂಥದೇ ಆದ ಯಂತ್ರವೊಂದಕ್ಕೆ ಯಾರೋ 1,10,000 ರೂಪಾಯಿ ಕೇಳಿದ್ದಾರೆ. ಶೆಡ್ ಖಾಲಿ ಮಾಡಿಸಲು ಬಂದ ಗುಜರಿಯವನ ಲೆಕ್ಕವೇ ಬೇರೆ. “ಇದು ಬೀಡು ಸಾರ್, ತೂಕಕ್ಕೇ ಹಾಕ್ಕೊಳ್ಳೋದು. ಸಾವಿರ ಕೊಡ್ತೀನಿ, ನಾನೇ ಎತ್ಕೊಂಡ್ ಹೋಗ್ತೀನಿ.” ತಕ್ಕಡಿಗೆ ಹಾಕಿದಾಗ ಬಂದದ್ದು 37 ಕೆ.ಜಿ.

ಸಾವಿರಕ್ಕೂ ಲಕ್ಷಕ್ಕೂ ನಡುವೆ ಎಲ್ಲಿ ನಿಲ್ಲಬೇಕು ಎಂಬುದೇ ಪ್ರಶ್ನೆ. ಅಣ್ಣತಮ್ಮಂದಿರು ಮೂವರು, ಪಾಲಿನ ವಿಚಾರ ಬೇರೆ ಇತ್ತು. ಹಾಗಾಗಿ ಅಂದಾಜಿನ ಮಾತು ಸಾಲದು, ಕಾರಣ ಸಮೇತ ಒಂದು ಬೆಲೆ ಬೇಕಿತ್ತು.

ವೈರ್ ಬ್ರಷ್

ಯಂತ್ರ ಯಾವುದೆಂದು ತಿಳಿಯುವ ಮೊದಲೇ ಮನೆಯ ಅಳಿಯ ಅದನ್ನು “ಕ್ಲೀನ್” ಮಾಡಲು ಹೊರಟರು. ಆಂಗಲ್ ಗ್ರೈಂಡರ್‌ಗೆ ವೈರ್ ಬ್ರಷ್ ಸಿಕ್ಕಿಸಿ ಎಡಗಡೆ ಚೌಕಟ್ಟಿನ ಕವರ್ ಮೇಲೆ ಓಡಿಸಿದರು. ಅರ್ಧ ಅಂಗೈಯಷ್ಟು ಜಾಗದಲ್ಲಿ ಹಸಿರು ಬಣ್ಣ ಹಾರಿ ಬರೀ ಲೋಹ ಹೊಳೆಯಿತು. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ತೆಳು ಚಿನ್ನದ ಬಣ್ಣದ ಗೆರೆ ಕಂಡದ್ದರಿಂದ ಕೈ ನಿಲ್ಲಿಸಿದರು. ಅಲ್ಲಿ ಇದ್ದದ್ದು ಕಂಪನಿಯ ಹೆಸರು, ಮಾದರಿಯ ಹೆಸರು ಇರುವ ಅಂಟುಚಿತ್ರ, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಟ್ರಾನ್ಸ್‌ಫರ್. ಒಂದು ಮೂಲೆ ಬಿಟ್ಟು ಉಳಿದದ್ದೆಲ್ಲ ಧೂಳಾಗಿ ಹೋಗಿತ್ತು.

ಈ ಜಾತಿಯ ಯಂತ್ರಗಳಲ್ಲಿ ಮಾದರಿಯ ಹೆಸರು ಎರಕದಲ್ಲಿ ಇರುವುದು ಕಡಿಮೆ, ಟ್ರಾನ್ಸ್‌ಫರ್‌ನಲ್ಲೇ ಇರುವುದು ಹೆಚ್ಚು. ಅದು ಬಣ್ಣಕ್ಕಿಂತ ತೆಳು, ಅದರ ಮೇಲೊಂದು ವಾರ್ನಿಷ್ ಪದರ. ಪೆಟ್ರೋಲ್, ತಿನ್ನರ್, ಸೋಡಾಪುಡಿ ಯಾವುದು ತಾಗಿದರೂ ಎದ್ದು ಬರುತ್ತದೆ. ಇನ್ನೊಂದು ಅಪಾಯ ಆರೋಗ್ಯದ್ದು: ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣಗಿದ್ದಂತೆಯೇ ಉಜ್ಜಿದರೆ ಆ ಪುಡಿ ನೇರ ಮೂಗಿಗೆ ಹೋಗುತ್ತದೆ. ಅಂದಿನಿಂದ ಗ್ರೈಂಡರ್ ಬಂದ್. ಉಳಿದ ಕೆಲಸವೆಲ್ಲ ಉಗುರುಬೆಚ್ಚಗಿನ ಸೋಪಿನ ನೀರು, ಹತ್ತಿ, ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ನಡೆಯಿತು. ಗಟ್ಟಿ ಗ್ರೀಸ್ ಇದ್ದ ಕಡೆಗೆ ಮಾತ್ರ ಸೀಮೆಎಣ್ಣೆ. ಏನನ್ನೂ ಮುಟ್ಟುವ ಮೊದಲು ಎಲ್ಲ ಕೋನದಿಂದ ಫೋಟೊ. ಟಾರ್ಚನ್ನು ಅಡ್ಡಡ್ಡವಾಗಿ ಹಿಡಿದರೆ ಮಾಸಿದ ಅಕ್ಷರವೂ ನೆರಳು ಬಿಡುತ್ತದೆ.

1889 ಇಸವಿಯಲ್ಲ

ಬಲ ಚೌಕಟ್ಟಿನ ಮಣ್ಣು ಬಿಟ್ಟ ಮೇಲೆ ಕಂಪನಿಯ ಹೆಸರು ಪೂರ್ತಿ ಓದಲು ಬಂತು: ರ‍್ಯಾನ್ಸಮ್ಸ್, ಸಿಮ್ಸ್ ಅಂಡ್ ಜೆಫರೀಸ್ ಲಿಮಿಟೆಡ್, ಇಪ್ಸ್‌ವಿಚ್. ಇಂಟರ್‌ನೆಟ್‌ನಲ್ಲಿ ಈ ಹೆಸರು ಹುಡುಕಿದರೆ ಕೂಡಲೇ 1832 ಸಿಗುತ್ತದೆ. ಎಡ್ವಿನ್ ಬಡ್ಡಿಂಗ್ 1830ರಲ್ಲಿ ಲಾನ್ ಮೋವರ್‌ಗೆ ಪೇಟೆಂಟ್ ಪಡೆದರು, ಎರಡು ವರ್ಷಕ್ಕೆ ಇಂಗ್ಲೆಂಡಿನ ಇಪ್ಸ್‌ವಿಚ್‌ನ ಈ ಕಂಪನಿ ಅವರ ಪರವಾನಗಿಯಲ್ಲಿ ಯಂತ್ರ ಮಾಡಲು ಶುರುಮಾಡಿತು. ಮನೆಯವರಿಗೆ ಇದರಿಂದ ಉತ್ಸಾಹ ಇಮ್ಮಡಿಯಾಯಿತು. ಕಂಪನಿ ಹಳೆಯದಾದರೆ ಯಂತ್ರವೂ ಹಳೆಯದಾಗಬೇಕಿಲ್ಲವಲ್ಲ. ಕಂಪನಿಗೆ ಹೆಸರು ಈ ರೂಪದಲ್ಲಿ ಬಂದದ್ದೇ 1884ರಲ್ಲಿ. ಅದಕ್ಕೂ ಮೊದಲು ಪಾಲುದಾರರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು. ಅಲ್ಲಿಗೆ ಕೆಳಗಿನ ಗಡಿ 1884. 1889 ಈ ಗಡಿಯೊಳಗೇ ಬರುತ್ತದೆ, ಆದ್ದರಿಂದ ವಾದ ಮುಗಿಯಲಿಲ್ಲ.

ಮುಗಿಸಿದ್ದು ಎಡ ಚೌಕಟ್ಟು. ಅದರ ಒಳಮೈಗೆ ಒಣಗಿದ ಹುಲ್ಲು, ಗ್ರೀಸ್ ಸೇರಿ ಕಟ್ಟಿದ್ದ ಪದರವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿದಿರಿನ ಕಡ್ಡಿಯಿಂದ ಕೆರೆದಾಗ, ಅದೇ ಜಾಗದಲ್ಲಿ ಅದೇ ಗಾತ್ರದ ಉಬ್ಬು ಅಂಕಿ ಕಂಡಿತು: 1890. ಬಲಗಡೆಯದನ್ನು ಒಂದು ವರ್ಷ, ಎಡಗಡೆಯದನ್ನು ಮರುವರ್ಷ ಎರಕ ಹೊಯ್ದು ಯಾರೂ ಯಂತ್ರ ಜೋಡಿಸುವುದಿಲ್ಲ. ಇವು ಎರಕದ ಅಚ್ಚಿನ ನಂಬರ್‌ಗಳು. ಬಲದ ಅಚ್ಚಿಗೆ ಒಂದು, ಎಡದ ಅಚ್ಚಿಗೆ ಅದರ ಮುಂದಿನದು. ಬೀಡಿನ ಭಾಗದ ಮೇಲೆ ನಾಲ್ಕಂಕಿ ಕಂಡರೆ ಇನ್ನೊಂದು ಬದಿಯನ್ನೂ ಓದದೆ ಇಸವಿ ಹೇಳಬಾರದು. ಹಳೇ ಹೊಲಿಗೆ ಯಂತ್ರ, ರುಬ್ಬುವ ಯಂತ್ರ, ತಕ್ಕಡಿಗಳಲ್ಲೂ ಇದೇ ತಪ್ಪು ದಿನಾ ನಡೆಯುತ್ತದೆ.

ಹ್ಯಾಂಡಲ್‌ನ ಅಡ್ಡಪಟ್ಟಿಯಲ್ಲಿ ಎರಡು ಸಣ್ಣ ರಿವೆಟ್ ತೂತುಗಳಿದ್ದವು, ಅವುಗಳ ಸುತ್ತ ಆಯತಾಕಾರದಲ್ಲಿ ಬಣ್ಣ ಮಾಸದೆ ಉಳಿದಿತ್ತು. ಆಮದು ಮಾಡಿದ ಅಂಗಡಿಯವರ ಹಿತ್ತಾಳೆ ತಗಡು ಅಲ್ಲಿ ಇದ್ದಿರಬೇಕು. ಅದು ಸಿಕ್ಕಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಶೆಡ್ಡಿನ ಕಸವನ್ನೆಲ್ಲ ಜರಡಿ ಹಿಡಿದರೂ ಸಿಗಲಿಲ್ಲ.

ಬೋಲ್ಟ್, ಬೇರಿಂಗ್, ಬ್ಲೇಡ್

ಹೆಸರಿನಿಂದ ತಿಳಿಯದ್ದನ್ನು ಅಳತೆ ಹೇಳುತ್ತದೆ. ಸಿಲಿಂಡರ್ ಕೆಳಗೆ ಅಲುಗದೆ ನಿಲ್ಲುವ ತಳದ ಬ್ಲೇಡ್ ಉದ್ದ 16 ಇಂಚು. ಸಿಲಿಂಡರ್‌ನಲ್ಲಿ ಬ್ಲೇಡ್ 10. ಮನೆ ಮುಂದಿನ ಲಾನ್‌ಗೆಂದು ಮಾಡಿದ ಯಂತ್ರಗಳಲ್ಲಿ ಸಾಮಾನ್ಯವಾಗಿ 5 ಅಥವಾ 6 ಬ್ಲೇಡ್ ಇರುತ್ತವೆ. 10 ಅಂದರೆ ಗಾಲ್ಫ್ ಗ್ರೀನ್, ಬೌಲಿಂಗ್ ಗ್ರೀನ್, ಕ್ರಿಕೆಟ್ ಪಿಚ್ ತರಹದ ತೀರಾ ಗಿಡ್ಡ ಹುಲ್ಲಿನ ಕೆಲಸದ್ದು. ಸಿಲಿಂಡರ್ ತಿರುಗುವಂತಾದ ಮೇಲೆ ಇದನ್ನು ಖಚಿತ ಮಾಡಿಕೊಳ್ಳಲು ಒಂದು ಸುಲಭದ ಲೆಕ್ಕ ಇದೆ. ನೆಲದ ಮೇಲೆ ಒಂದು ಮೀಟರ್ ಗುರುತು ಹಾಕಿ ಯಂತ್ರವನ್ನು ಅಷ್ಟು ದೂರ ತಳ್ಳಿ, ಸಿಲಿಂಡರ್ ಎಷ್ಟು ಸುತ್ತು ಬಂತೆಂದು ಎಣಿಸಿ, ಬ್ಲೇಡ್ ಸಂಖ್ಯೆಯಿಂದ ಗುಣಿಸಬೇಕು. ಇಲ್ಲಿ 13 ಸುತ್ತು, ಅಂದರೆ ಮೀಟರಿಗೆ 130 ಕಡಿತ, ಪ್ರತಿ 8 ಮಿ.ಮೀ.ಗೂ ಕಡಿಮೆ ದೂರಕ್ಕೆ ಒಂದು. ಇಂಥ ಯಂತ್ರ ಎತ್ತರ ಬೆಳೆದ ಹುಲ್ಲಿಗೆ ಹಾಕಿದರೆ ಕಚ್ಚಿ ನಿಲ್ಲುತ್ತದೆ. ವಾರಕ್ಕೆ ಎರಡು ಸಲ ಕತ್ತರಿಸುವ ಗರಿಕೆ ಜಾತಿಯ ಹುಲ್ಲಿಗೆ ಹೇಳಿ ಮಾಡಿಸಿದ್ದು.

ಮುಂದೆ ಬೋಲ್ಟ್‌ಗಳು. ಹಳೇ ಬ್ರಿಟಿಷ್ ಯಂತ್ರಗಳಲ್ಲಿ ಇಂಚಿನ ಅಳತೆಯ ವಿಟ್‌ವರ್ತ್ ಥ್ರೆಡ್ ಇರುತ್ತದೆ. ಭಾರತ ಮೆಟ್ರಿಕ್ ಅಳತೆಗೆ ಹೊರಳಲು ಕಾನೂನು ಮಾಡಿದ್ದು 1956ರಲ್ಲಿ, ಆಮೇಲೆ ನಿಧಾನಕ್ಕೆ ಇಲ್ಲಿನ ರಿಪೇರಿಯೆಲ್ಲ ಮೆಟ್ರಿಕ್ ಆಯಿತು. 5/16 ಇಂಚಿನ ಬೋಲ್ಟ್ ಮತ್ತು ಮೆಟ್ರಿಕ್ ಅಳತೆಯ ಎಂ8 ಬೋಲ್ಟ್ ಕಣ್ಣಿಗೆ ಒಂದೇ: ಒಂದರ ವ್ಯಾಸ 7.94 ಮಿ.ಮೀ., ಇನ್ನೊಂದರದ್ದು 8. ವ್ಯತ್ಯಾಸ ಥ್ರೆಡ್ಡಿನಲ್ಲಿ. 5/16 ವಿಟ್‌ವರ್ತ್‌ನಲ್ಲಿ ಇಂಚಿಗೆ 18 ಎಳೆ, ಅಂದರೆ ಎಳೆಯಿಂದ ಎಳೆಗೆ 1.41 ಮಿ.ಮೀ.; ಎಂ8ನಲ್ಲಿ 1.25. ಎಸ್‌ಜೆಪಿ ರಸ್ತೆಯಲ್ಲಿ ಸಿಗುವ ಸಾಧಾರಣ ಥ್ರೆಡ್ ಗೇಜ್ ಸಾಕು. ಗೇಜ್ ಹಲ್ಲು ಕೂರಿಸಿ ಬೆಳಕಿಗೆ ಹಿಡಿದರೆ ಎಲ್ಲೂ ಸಂದು ಕಾಣಬಾರದು.

ಈ ಯಂತ್ರದ ಬಲಭಾಗದ ಬೋಲ್ಟ್‌ಗಳೆಲ್ಲ ವಿಟ್‌ವರ್ತ್. ಎಡ ತುದಿಯ ಬೇರಿಂಗ್ ಕವರ್‌ನ ನಾಲ್ಕರಲ್ಲಿ ಮೂರು ಎಂ8, ಅವನ್ನು ಹಳೇ ತೂತಿಗೆ ಬಲವಂತವಾಗಿ ತಿರುಗಿಸಿ ಕೂರಿಸಿದ್ದರು. ಕವರ್ ತೆಗೆದಾಗ ಪೂರ್ತಿ ಕಥೆ ಗೊತ್ತಾಯಿತು. ಬಲ ತುದಿಯ ಬೇರಿಂಗ್ ಮೇಲೆ ಹಾಫ್‌ಮನ್, ಚೆಲ್ಮ್ಸ್‌ಫರ್ಡ್ ಎಂದಿತ್ತು. ಆ ಕಂಪನಿ 1969ರಲ್ಲಿ ಇನ್ನೆರಡರ ಜೊತೆ ಸೇರಿ ಆರ್‌ಎಚ್‌ಪಿ ಆಯಿತು, ಹಾಗಾಗಿ ಬೇರಿಂಗ್ ಅದಕ್ಕಿಂತ ಹಿಂದಿನದು. ಎಡ ತುದಿಯಲ್ಲಿ ಜೈಪುರದ ಎನ್‌ಬಿಸಿಯ 6203 ನಂಬರಿನ ಮೆಟ್ರಿಕ್ ಬೇರಿಂಗ್, ಸ್ವಾತಂತ್ರ್ಯದ ನಂತರದ್ದು. ಯಾರೋ ಮೆಕ್ಯಾನಿಕ್ ಇಲ್ಲೇ ಬದಲಾಯಿಸಿದ್ದಾರೆ.

ಮೂಲ ಬೇರಿಂಗ್‌ನ ಒಳವ್ಯಾಸ 5/8 ಇಂಚು, ಅಂದರೆ 15.88 ಮಿ.ಮೀ.; ಹೊರವ್ಯಾಸ 1 9/16 ಇಂಚು, 39.69 ಮಿ.ಮೀ.; ದಪ್ಪ 7/16 ಇಂಚು, 11.11 ಮಿ.ಮೀ. 6203ರ ಅಳತೆ ಅದೇ ಕ್ರಮದಲ್ಲಿ 17, 40, 12 ಮಿ.ಮೀ. ಶಾಫ್ಟಿಗೂ ಬೇರಿಂಗಿಗೂ ನಡುವೆ ಉಳಿಯುವ ಸಂದಿಗೆ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪದ ತಗಡನ್ನು ಸುತ್ತಿದ್ದರು. ಹೊರಗೆ ಬೇರಿಂಗ್ ಹಿಡಿಸಲು ಅದು ಕೂರುವ ಬೀಡಿನ ಮನೆಯನ್ನೇ ಎಮರಿ ಕಾಗದದಿಂದ ಉಜ್ಜಿ ಅಗಲಿಸಿದ್ದರು. ಸುತ್ತಿದ ತಗಡಿನ ಎರಡು ಅಂಚು ಒಂದರ ಮೇಲೊಂದು ಕೂತ ಕಡೆ ದಪ್ಪ ದುಪ್ಪಟ್ಟು, ಆದ್ದರಿಂದ ಶಾಫ್ಟ್ ನಡುವಿನಿಂದ ಸರಿಯಿತು. ಬೇರಿಂಗ್ ದಪ್ಪ ಹೆಚ್ಚಾದ್ದರಿಂದ ಕವರ್ ಪೂರ್ತಿ ಕೂರಲಿಲ್ಲ, ಸಂದಿಯಿಂದ ಮಣ್ಣು ಒಳಗೆ ಹೋಯಿತು, ಬೇರಿಂಗ್ ಕಚ್ಚಿತು. ಸಿಲಿಂಡರ್ ವ್ಯಾಸ ಬಲಗಡೆ 126.5 ಮಿ.ಮೀ., ಎಡಗಡೆ 124. ತಳದ ಬ್ಲೇಡ್ ಕೂಡ ಎಡಕ್ಕೆ ಓರೆಯಾಗಿ ಸವೆದಿತ್ತು. ಎಡ ತುದಿಯಲ್ಲಿ ಹುಲ್ಲು ಕತ್ತರಿಸದೆ ಹೋದಾಗೆಲ್ಲ ಮಾಲಿ ಆ ಬದಿಯ ಸ್ಕ್ರೂ ಬಿಗಿ ಮಾಡುತ್ತಾ ಬಂದಿದ್ದರ ಫಲ ಇದು.

ಹಂಡೆ ಒಲೆಯ ಪಕ್ಕದ ಪೆಟ್ಟಿಗೆ

ಪೆಟ್ಟಿಗೆ ಇಲ್ಲದೆ ಯಂತ್ರ ಅಪೂರ್ಣ. ಕೊಳ್ಳುವವರು ಮೊದಲು ಕೇಳುವುದು ಅದನ್ನೇ, ಬಿಡಿಯಾಗಿ ಸಿಗುವುದು ಬಹಳ ಕಷ್ಟ. ಫೋಟೊಗಳನ್ನು ಮನೆಯ ಹಿರಿಯರಿಗೆಲ್ಲ ತೋರಿಸಿ, ಮುಂಭಾಗ ಬಾಗಿದ ತಗಡಿನ ಡಬ್ಬಿಯ ಚಿತ್ರ ಬರೆದು, ಇಂಥದ್ದು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಲಾಯಿತು. ಅಜ್ಜಿ ಎದ್ದು ಹೋಗಿ ಹಳೇ ಬಚ್ಚಲುಮನೆ ತೋರಿಸಿದರು. ಹಂಡೆ ಒಲೆಗೆ ಹಾಕುವ ತೆಂಗಿನ ಕರಟ ತುಂಬಲು ಅದನ್ನು ಇಟ್ಟುಕೊಂಡು ಎಷ್ಟೋ ವರ್ಷವಾಗಿತ್ತು.

ಮಸಿ ದಪ್ಪಗೆ ಕೂತಿದ್ದರಿಂದ ಒಳಗಿನ ಬಣ್ಣ ಉಳಿದಿತ್ತು. ಸೋಪಿನ ನೀರಲ್ಲಿ ಅದ್ದಿದ ಹತ್ತಿಯನ್ನು ಉಜ್ಜದೆ, ಒತ್ತಿ ಎತ್ತಿ ತೆಗೆದಂತೆ ಟ್ರಾನ್ಸ್‌ಫರ್‌ನ ಬಲ ಅಂಚು ಕಂಡಿತು. ಮಾದರಿಯ ಹೆಸರಿನ ಕೊನೆಯ ಮೂರು ಅಕ್ಷರ ಇದ್ದವು: ಟಿ, ಇ, ಎಸ್. 10 ಬ್ಲೇಡ್, 16 ಇಂಚು, ಗ್ರೀನ್ ಕೆಲಸದ ಯಂತ್ರ, ಈ ಮೂರು ಅಕ್ಷರ ಎಲ್ಲ ಸೇರಿದರೆ ಹೊಂದುವುದು ರ‍್ಯಾನ್ಸಮ್ಸ್‌ನವರ ಸರ್ಟೀಸ್. ಕೆಳಗೆ ಪೇಟೆಂಟ್ ಸಂಖ್ಯೆ. ಕೊನೆಯ ಎರಡು ಅಂಕಿ ಅಳಿಸಿದ್ದರೂ ಒಟ್ಟು ಆರಂಕಿ ಎಂಬುದು ಸ್ಪಷ್ಟ. ಬ್ರಿಟನ್ನಿನಲ್ಲಿ 1915ರವರೆಗೆ ಪೇಟೆಂಟ್ ಸಂಖ್ಯೆ ಪ್ರತಿ ವರ್ಷ ಒಂದರಿಂದ ಶುರುವಾಗುತ್ತಿತ್ತು, ಜೊತೆಗೆ ಇಸವಿಯನ್ನೂ ಬರೆಯುತ್ತಿದ್ದರು. 1916ರಿಂದ 1,00,001ಕ್ಕೆ ಶುರುವಾಗಿ ಒಂದೇ ಸಾಲಿನಲ್ಲಿ ಬಂತು. ಇಸವಿ ಇಲ್ಲದ ಆರಂಕಿ ಇದ್ದರೆ ಅದು 1916ಕ್ಕೆ ಮೊದಲಿನದಲ್ಲ. 1889ರ ಕಥೆ ಇಲ್ಲಿಗೆ ಪೂರ್ತಿ ಸತ್ತಿತು.

ಅಣ್ಣತಮ್ಮಂದಿರಿಗೆಂದು ಮಾಡಿದ ವರದಿಯಲ್ಲಿ ಬರೆದದ್ದು ಹೀಗೆ: ತಯಾರಕರು, ಖಚಿತ. ಮಾದರಿ, ಬಹುತೇಕ ಖಚಿತ. ಕಾಲ, ಎರಡು ಮಹಾಯುದ್ಧಗಳ ನಡುವಿನಿಂದ 1940ರ ದಶಕದವರೆಗೆ, 1947ರ ಮನೆಮಾತನ್ನು ನಂಬಿದರೆ ಮಾತ್ರ ಮೇಲಿನ ಗಡಿ ನಿಲ್ಲುತ್ತದೆ. ಅಳಿಯ ಉಜ್ಜಿ ತೆಗೆದ ಟ್ರಾನ್ಸ್‌ಫರ್ ಇದ್ದಿದ್ದರೆ “ಬಹುತೇಕ” ಎಂಬ ಪದ ಬೇಕಾಗುತ್ತಿರಲಿಲ್ಲ.

ಬೆಲೆ

1,10,000 ಎಂಬುದು ಕೇಳಿದ ಬೆಲೆ, ಮಾರಿದ ಬೆಲೆಯಲ್ಲ. ಹರಾಜಿನ ಜಾಲತಾಣಗಳಲ್ಲಿ ಮಾರಾಟವಾದವನ್ನು ಮಾತ್ರ ತೋರಿಸು ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಪಟ್ಟಿ ಕುಗ್ಗುತ್ತದೆ, ಅಂಕಿಗಳೂ ಕುಗ್ಗುತ್ತವೆ. ಆ ಲಕ್ಷದ ಯಂತ್ರ ತಿಂಗಳುಗಟ್ಟಲೆ ಅಲ್ಲೇ ಕೂತಿತ್ತು. ಹಳೇ ಲಾನ್ ಮೋವರ್‌ಗಳಿಗೆ ಸಂಗ್ರಹಕಾರರ ಕೂಟ, ಸೌತ್‌ಪೋರ್ಟ್‌ನಲ್ಲಿ ಒಂದು ಮ್ಯೂಸಿಯಂ, ಎಲ್ಲ ಇರುವ ಇಂಗ್ಲೆಂಡಿನಲ್ಲೂ ದೊಡ್ಡ ಬೆಲೆ ಹೋಗುವುದು 19ನೇ ಶತಮಾನದ ಆರಂಭಿಕ ಮಾದರಿಗಳಿಗೆ, ಮೊದಮೊದಲ ಮೋಟಾರ್ ಯಂತ್ರಗಳಿಗೆ. ರ‍್ಯಾನ್ಸಮ್ಸ್‌ನವರು ಪೆಟ್ರೋಲ್ ಮೋವರ್ ಮಾರಾಟಕ್ಕಿಟ್ಟದ್ದು 1902ರಲ್ಲಿ, ಅಂಥದ್ದೊಂದು ಸಿಕ್ಕಿದ್ದರೆ ಮಾತೇ ಬೇರೆ. ದಶಕಗಟ್ಟಲೆ ತಯಾರಾದ ಕೈಯಂತ್ರಕ್ಕೆ ಆ ಮರ್ಯಾದೆ ಇಲ್ಲ.

ಹೊರದೇಶಕ್ಕೆ ಮಾರುವ ಯೋಚನೆಯನ್ನು ತೂಕವೇ ತಳ್ಳಿಹಾಕಿತು. ಮರದ ಪೆಟ್ಟಿಗೆ ಸೇರಿದರೆ 50 ಕೆ.ಜಿ. ದಾಟುತ್ತದೆ, ಸಾಗಣೆ ಖರ್ಚು ಯಂತ್ರದ ಬೆಲೆಯನ್ನೇ ನುಂಗುತ್ತದೆ. ಕಾನೂನಿನ ಒಂದು ಅಂಶವೂ ಇಲ್ಲಿ ಬರುತ್ತದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಜಾಹೀರಾತಿನಲ್ಲಿ “ನೂರು ವರ್ಷ ಹಳೆಯದು” ಎಂದು ಜಂಬಕ್ಕೆ ಬರೆದವರು ಆಮೇಲೆ ಪುರಾತತ್ವ ಇಲಾಖೆಯಿಂದ ಹಾಗಲ್ಲವೆಂಬ ಪ್ರಮಾಣಪತ್ರ ತರಲು ಓಡಾಡಬೇಕಾಗುತ್ತದೆ. ಊರೊಳಗೇ ಮಾರಿದರೂ, ಸುಳ್ಳು ವಯಸ್ಸು ಹೇಳಿ ಮಾರಿದ ವ್ಯವಹಾರವನ್ನು ಕೊಂಡವರು ರದ್ದು ಮಾಡಿಸಬಹುದು.

ಉಳಿದದ್ದು ಬೆಂಗಳೂರಿನ ಮಾರುಕಟ್ಟೆ. ಇಲ್ಲಿ ಕೊಳ್ಳುವವರು ಎರಡೇ ಬಗೆ. ಕೆಫೆ, ರೆಸಾರ್ಟ್, ಸಿನಿಮಾ ಸೆಟ್‌ಗೆ ಅಲಂಕಾರಕ್ಕೆ ಬೇಕಾದವರು ಒಂದು ಬಗೆ. ಅವರಿಗೆ ಸಿಲಿಂಡರ್ ತಿರುಗದಿದ್ದರೂ ಸರಿ, ನೋಟ ಮುಖ್ಯ. ನಿಜಕ್ಕೂ ಲಾನ್ ಕತ್ತರಿಸುವವರು ಇನ್ನೊಂದು ಬಗೆ. ಸಂಖ್ಯೆ ತೀರಾ ಕಡಿಮೆ, ಆದರೆ ಹೊಸ ಸಿಲಿಂಡರ್ ಮೋವರ್‌ನ ಬೆಲೆ ಗೊತ್ತಿರುವವರು. ಅಲಂಕಾರದ ವ್ಯಾಪಾರಿ ಪೆಟ್ಟಿಗೆ ಸಿಗುವ ಮೊದಲು 5,500 ಅಂದಿದ್ದರು, ಪೆಟ್ಟಿಗೆ ಕಂಡಮೇಲೆ 7,000. ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ ಪೌಡರ್ ಕೋಟಿಂಗ್ ಹಾಕಿಸಿದರೆ ಇನ್ನೂ ಎರಡು ಸಾವಿರ ಕೊಡುವುದಾಗಿ ಹೇಳಿದರು. ಅದಕ್ಕೆ ತಗಲುವ ಖರ್ಚು 6,500, ಮೇಲಾಗಿ ಉಳಿದಿದ್ದ ಮೂರು ಅಕ್ಷರವೂ ಹೋಗುತ್ತಿತ್ತು. ಅಣ್ಣತಮ್ಮಂದಿರ ನಡುವೆ ಚರ್ಚೆಯಾದದ್ದು ಇದೊಂದೇ ವಿಷಯಕ್ಕೆ, ಕೊನೆಗೆ ಬಣ್ಣ ಮುಟ್ಟುವುದು ಬೇಡ, ಓಡುವಂತೆ ಮಾತ್ರ ಮಾಡೋಣ ಎಂದು ತೀರ್ಮಾನವಾಯಿತು.

ಕೆಲಸ ಹೀಗೆ ನಡೆಯಿತು. ಕಚ್ಚಿದ ಭಾಗಗಳಿಗೆ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ದಿನಕ್ಕೆರಡು ಸಲ ಹಚ್ಚಿ ನಾಲ್ಕು ದಿನ ಬಿಟ್ಟರು. ಬೀಡಿಗೆ ಸುತ್ತಿಗೆ ಏಟು ಬಿದ್ದರೆ ಬಿರುಕು ಬಿಡುತ್ತದೆ, ಬೆಸುಗೆಯೂ ಸರಿಯಾಗಿ ಹಿಡಿಯುವುದಿಲ್ಲ. ಬಿಚ್ಚುವಾಗ ಸಿಲಿಂಡರ್ ತಿರುಗದಂತೆ ಮರದ ಆಪು ಕೊಟ್ಟು, ದಪ್ಪ ಗ್ಲೌಸ್ ಹಾಕಿದರು. ಮೊಂಡಾದ ಬ್ಲೇಡೂ ಬೆರಳು ಕತ್ತರಿಸಬಲ್ಲದು. ಎಡ ತುದಿಯ ಮನೆ ಆಗಲೇ 40 ಮಿ.ಮೀ.ಗೆ ಅಗಲವಾಗಿದ್ದರಿಂದ ಇಂಚಿನ ಬೇರಿಂಗ್ ಹುಡುಕುವುದು ಕೈಬಿಟ್ಟು, ಎರಡೂ ಬದಿ ರಬ್ಬರ್ ಸೀಲ್ ಇರುವ ಹೊಸ 6203 ಹಾಕಿ, ತಗಡಿನ ಬದಲು ಪೀಣ್ಯದ ಲೇತ್‌ನಲ್ಲಿ ಸರಿಯಾದ ಬುಷ್ (ಶಾಫ್ಟ್ ಮೇಲೆ ಕೂರುವ ಲೋಹದ ಬಳೆ) ಮಾಡಿಸಿದರು. ಕವರ್ ಒಳಗೆ 0.9 ಮಿ.ಮೀ. ಕೆತ್ತಿಸಿದ ಮೇಲೆ ಅದು ಪೂರ್ತಿ ಕೂತಿತು. ಇದಕ್ಕೆಲ್ಲ 850. ತಳದ ಬ್ಲೇಡನ್ನು ಸರ್ಫೇಸ್ ಗ್ರೈಂಡಿಂಗ್‌ಗೆ ಕೊಟ್ಟದ್ದು 900.

ಸಿಲಿಂಡರ್‌ಗೆ ಸಾಣೆ ಹಿಡಿಸಲಿಲ್ಲ. 2.5 ಮಿ.ಮೀ. ಓರೆ ತೆಗೆಯಲು ಹೋದರೆ ಬ್ಲೇಡಿನ ಆಯುಷ್ಯವೇ ಅರ್ಧಕ್ಕೆ ಇಳಿಯುತ್ತದೆ. ಬದಲಿಗೆ ತಳದ ಬ್ಲೇಡನ್ನು ಅದೇ ಓರೆಗೆ ಹೊಂದಿಸಿ, ಜೆ.ಸಿ. ರಸ್ತೆಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್‌ಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ ಹಚ್ಚಿ, ಡ್ರಿಲ್‌ನಿಂದ ಸಿಲಿಂಡರನ್ನು ಉಲ್ಟಾ ದಿಕ್ಕಿಗೆ ತಿರುಗಿಸಿದರು. ಮೊದಲು ತರಿ ಪೇಸ್ಟ್, ಆಮೇಲೆ ನಯ. ತಿರುಗುವ ಸದ್ದು ಒಂದೇ ಸಮನಾದ ಮೇಲೆ ತೊಳೆದು, ದಿನಪತ್ರಿಕೆಯ ಪಟ್ಟಿಯನ್ನು ಬ್ಲೇಡ್ ಉದ್ದಕ್ಕೂ ಐದು ಕಡೆ ಇಟ್ಟು ನೋಡಿದರು. ನಾಲ್ಕು ಕಡೆ ಕತ್ತರಿ ಹಾಕಿದಂತೆ ತುಂಡಾಯಿತು, ಎಡ ತುದಿಯಲ್ಲಿ ಮಡಚಿಕೊಂಡಿತು. ಆ ಬದಿಯ ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿದ್ದಕ್ಕೆ ಸರಿಹೋಯಿತು. ಬ್ಲೇಡ್ ಬ್ಲೇಡಿಗೆ ಜೋರಾಗಿ ಉಜ್ಜುವಷ್ಟು ಬಿಗಿ ಮಾಡಿದರೆ ಹಳೇ ಮಾಲಿಯ ಕಥೆಯೇ ಮತ್ತೆ. ಜುಲೈ ತಿಂಗಳ ಮಳೆಗಾಲ. ಬರೀ ಲೋಹ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತಿದ್ದರಿಂದ ಪ್ರತಿ ಸಂಜೆ ಎಣ್ಣೆಬಟ್ಟೆಯಲ್ಲಿ ಒರೆಸಿಡಬೇಕಾಯಿತು. ಪೇಸ್ಟ್, ಎಣ್ಣೆ, ಸ್ಕ್ರೂಗಳಿಗೆ 450. ಒಟ್ಟು ಖರ್ಚು 2,200.

ಜಾಹೀರಾತಿನಲ್ಲಿ ವಯಸ್ಸಿನ ಮಾತು ಎರಡೇ ಸಾಲು, ಮಿಕ್ಕಿದ್ದು ಅಳತೆ, ಬದಲಾದ ಭಾಗಗಳ ಪಟ್ಟಿ, ಕಾಗದ ಕತ್ತರಿಸುವ ವಿಡಿಯೊ. ಸರ್ಜಾಪುರ ರಸ್ತೆಯ ಕಡೆ ಗರಿಕೆ ಲಾನ್ ಬೆಳೆಸಿದ್ದವರೊಬ್ಬರು ಬಂದು, ಬಂಗಲೆಯ ಮುಂದಿನ ಉಳಿದಷ್ಟು ಹುಲ್ಲಿನ ಮೇಲೆ ತಾವೇ ತಳ್ಳಿ ನೋಡಿದರು. 15,000 ಕೇಳಿದ್ದು 13,500ಕ್ಕೆ ಕುದುರಿತು. ಟೆಂಪೊ ಬಾಡಿಗೆ ಅವರದೇ. ಖರ್ಚು ಕಳೆದು 11,300 ಮೂರು ಪಾಲಾಯಿತು.

ರಸೀದಿಯ ಜೊತೆ ಒಂದು ಹಾಳೆ ಕೊಟ್ಟರು: ಎಡ ಬೇರಿಂಗ್ 6203, ಬುಷ್‌ನ ಅಳತೆ, ಎಡ ಕವರ್‌ನ ಮೂರು ಬೋಲ್ಟ್ ಎಂ8, ಉಳಿದದ್ದೆಲ್ಲ ವಿಟ್‌ವರ್ತ್, ಸಿಲಿಂಡರ್‌ನ ಎರಡೂ ತುದಿಯ ವ್ಯಾಸ. ತಳದ ಬ್ಲೇಡ್ ಇನ್ನೊಂದು ಸಾಣೆ ತಡೆಯುತ್ತದೆ, ಅದಾದ ಮೇಲೆ ಹೊಸದು ಮಾಡಿಸಬೇಕು ಎಂದೂ ಅದರಲ್ಲಿ ಬರೆದಿತ್ತು. ಅದಕ್ಕೆಂದು ಹಳೇ ಬ್ಲೇಡಿನ ತೂತುಗಳ ಅಂತರವನ್ನು ರಟ್ಟಿನ ಮೇಲೆ ಗುರುತು ಹಾಕಿ ಹುಲ್ಲಿನ ಪೆಟ್ಟಿಗೆಯೊಳಗೆ ಇಟ್ಟು ಕಳಿಸಿದರು.